ಅಳತಿ

ಬನಹಟ್ಟಿ ಸಂತ್ಯಾಗ ಎಣ್ಣಿ ಡಬ್ಬಿ ಎರಡು,
ಮೂವತ್ತಂದಾಂವ ಇಪ್ಪತ್ತೈದಕ್ಕ ಕೊಟ್ಟ.
ಬಾಯಿ ಕತ್ತರಿಸಿ, ಅಂಚು ಗುಂಡಗಲ್ಲಿಲೆ ಬಡದು ಮಣಿಸಿದೆ,
ಬಾಲ ಕುಯ್ಯಬಾರದು.
ಮುಚ್ಚಳಕ್ಕ ಅಕಿ ಬಿಸಾಕಿದ ಸಾಣಿಗಿ.
ನೀರಿಗೆ ಸಲಾಯಿನ್ ಬಾಟ್ಲಿ, ತುದಿಗೆ ಪೆನ್ನಿನ ಹಿತ್ತಾಳಿ ಮೂತಿ.
ಹಾಸಾಕ ಬಡಿಗ್ಯಾರ ಮಹಾನಿಂಗನ ಕಟಗಿ ಹೊಟ್ಟು, ಪುಕ್ಕಟೆ.
ಗೂಡಿಗೆ ನಮ್ಮ ಮಗ್ಗದ ಬುಡದಾಗಿನ ನೂಲಿನ ಸಿಕ್ಕು:
ಹಸರು, ಕೆಂಪು, ಯಾರದೋ ಸೀರಿ ಸೆರಗಿಗೆ ಸಾಲದ್ದು.

ತತ್ತಿ ಸೈತ ಹೊಸ್ತಿಲಾ ದಾಟದ ಮನಿ ನಮ್ಮದು.
ಅಟ್ಟದ ಮ್ಯಾಲ ಗೂಗಿ,
ತಂತಿಗೆ ಬಡದು ರೆಕ್ಕಿ ಮುರಕೊಂಡಿದ್ದು.
ರೊಟ್ಟಿ ಮುರದು ಇಟ್ಟೆ.
ನನ್ನ ಮಾರಿ ನೋಡಿತು, ರೊಟ್ಟಿ ನೋಡಲಿಲ್ಲ.
"ಊರ ಇಲಿ ಬ್ಯಾಡ," ಅಂದ್ರು ಜಮಖಂಡಿ ದನದ ಡಾಕ್ಟ್ರು,
"ಅದರ ಹೊಟ್ಟ್ಯಾಗ ಯಾರೋ ಇಟ್ಟ ಔಷಧ ಇರತೈತಿ.
ಬಿಳೀವು ಸಾಕ್ರಿ."

ಗುರಸಿದ್ದವ್ವ ಎರಡ ದಿನ ಮಾತಾಡಲಿಲ್ಲ.
ಮೂರನೇ ದಿನ ಡಬ್ಬಿ ಮುಂದ ಕುಕ್ಕರಗಾಲಿಲೆ ಕುಂತು,
"ಬಸರಿಗೆ ಒಣಾ ಜ್ವಾಳ ಹಾಕ್ತಿ?" ಅಂದಳು.
ಸಂಜೀಕ ಬಟ್ಟಲದಾಗ ನೆನಸಿದ ಕಡ್ಲಿ.

ಇವತ್ತ ಕರೆಂಟ್ ಹೋಗಿ ಮಗ್ಗ ನಿಂತಾಗ ಕೇಳಿತು,
ಸೂಜಿ ಮೊನಿಯಷ್ಟು ಸಪ್ಪಳ.
ಕೆಂಪು ನೂಲಿನಾಗ ಅದಕಿಂತ ಕೆಂಪು, ಒಂಬತ್ತು.
ಕಣ್ಣು ಬಿಟ್ಟಿಲ್ಲ ಇನ್ನಾ.
ಅಕಿ ಬಟ್ಟು ಮಡಚಿ ಎಣಿಸಿದಳು. ಮತ್ತೊಮ್ಮೆ.
ಮ್ಯಾಲ ಗೂಗಿ ಕಾಲು ಬದಲಿಸಿತು.

ಸಾಣಿಗ್ಯಾಗ ಒಂದು ಕಿಂಡಿ ಕೊರದೇನಿ.
ಅದರ ಅಗಲ ಇಲಿದಲ್ಲ, ನನ್ನ ಕೈದು.
ಅಕಿ ಅದರಾಗ ತನ್ನ ಕೈ ಇಳಿಸಿ ನೋಡಿ,
ಬಳಿ ತಾಗತಾವು, ಅಂದಳು.