ಕಿವಿಗಲ್ಲು

ವಾಲ್ಪರೈಸೊ ಬಂದರಿನ ಮೀನುಕಟ್ಟೆಯಲ್ಲಿ
ಬೆಳಗಿನ ಐದಕ್ಕೆ ನನ್ನ ತಕ್ಕಡಿ ಕಣ್ಣು ಬಿಡುತ್ತದೆ.
ಪಕ್ಕದಲ್ಲಿ ಮಗಳು ಯಾಸ್ನಾ, ರಬ್ಬರ್ ಬೂಟು ತೊಟ್ಟು
ಮೆರ್ಲೂಸಾ ಮೀನಿನ ಹೊಟ್ಟೆ ಸೀಳುತ್ತಾಳೆ.
ಸ್ನಾತಕೋತ್ತರ ಪದವೀಧರೆ.
ಹೇಳಿದರೆ ಗಿರಾಕಿಗಳು ಚೌಕಾಸಿ ಮರೆತು ನಗುತ್ತಾರೆ.
ಹೇಳುವುದಿಲ್ಲ.

ಸಾಲದ ಕಾಗದದಲ್ಲಿ ಎರಡನೆಯ ಸಹಿ ನನ್ನದು.
ಅಂದು ಬೆರಳಿಗೆ ಮೀನಿನ ಹುರುಪೆ ಅಂಟಿತ್ತು,
ಬ್ಯಾಂಕಿನ ಹುಡುಗಿ ಒರೆಸಿಕೊಳ್ಳಲು ಚೂರು ಕಾಗದ ಕೊಟ್ಟಳು.
ಇನ್ನೂ ಹದಿನೇಳು ವರ್ಷ. ಆಗ ಅವಳಿಗೆ ನಲವತ್ತಾರು,
ನನಗೆ... ಬಿಡಿ, ಆ ಲೆಕ್ಕ ಬ್ಯಾಂಕಿನದಲ್ಲ.

ಏನು ಓದಿದೆ ಎಂದು ನಾನು ಕೇಳಿರಲೇ ಇಲ್ಲ,
ಕೇಳಿದರೆ ಬೆಲೆ ಕೇಳಿದಂತಾದೀತು ಎಂದು.

ನಿನ್ನೆ ವ್ಯಾಪಾರ ಮುಗಿದ ಮೇಲೆ
ತಾನಾಗಿಯೇ ಒಂದು ತಲೆ ಬಿಡಿಸಿ
ಬಿಳಿಯ ಚೂರೊಂದನ್ನು ಹೊರತೆಗೆದಳು: ಕಿವಿಗಲ್ಲು.
ಲಟಕ್ಕನೆ ಮುರಿದು ದೀಪಕ್ಕೆ ಹಿಡಿದಳು.
"ಅಪ್ಪ, ಈ ಗೆರೆ ನೋಡು, ವರ್ಷಕ್ಕೊಂದು.
ಇಲ್ಲಿ ಒತ್ತೊತ್ತಾಗಿದೆಯಲ್ಲ,
ಆ ವರ್ಷ ಇದಕ್ಕೆ ಹೊಟ್ಟೆಗಿರಲಿಲ್ಲ."
ನಲವತ್ತು ವರ್ಷ ಈ ತಲೆಗಳನ್ನು
ಕಡಲಸಿಂಹಗಳಿಗೆ ಎಸೆದವನು ನಾನು.

ಇನ್ನೊಂದು ಕಲ್ಲನ್ನು ತಕ್ಕಡಿಗಿಟ್ಟೆ, ತಮಾಷೆಗೆ.
ಮುಳ್ಳು ಅಲುಗಲಿಲ್ಲ.
ಅವಳು ನಕ್ಕಳು. ನಾನೂ, ಸ್ವಲ್ಪ ತಡವಾಗಿ.

ರಾತ್ರಿ ಕಂತಿನ ಚೀಟಿಗಳನ್ನು ಒಂದರ ಮೇಲೊಂದಿಟ್ಟು
ಅಂಚು ತಿರುಗಿಸಿ ದೀಪಕ್ಕೆ ಹಿಡಿದೆ.
ಗೆರೆ, ಗೆರೆ, ಗೆರೆ.
ಇಗೋ ಇಲ್ಲಿ ಒತ್ತೊತ್ತು:
ಹೆಂಡತಿಯ ಹೊಲಿಗೆ ಯಂತ್ರ ಮಾರಿದ ವರ್ಷ.
ಓದಲು ಬಂತು ನನಗೂ, ಅಷ್ಟಿಷ್ಟು.

ಆ ಕಲ್ಲು ಅಂಗಿಯ ಜೇಬಿನಲ್ಲಿದೆ.
ನಾಳೆ ಐದನೇ ತಾರೀಖು.