ತಟ್ಟು, ಆಚೆ

ಮೊದಲ ದಿನ ಮೇಸ್ತ್ರಿ ಬ್ಲಾಂಚರ್ಡ್ ಕೂಗಿ ಹೇಳಿದ:
'ಎರಡಕ್ಕೆ ನಾಕ್ ಆಫ್!'
ದಾಂಗ್ವೊಲೆ ತಲೆಯಾಡಿಸಿದಳು.
ನಾಕ್ ಅಂದರೆ ತಟ್ಟುವುದು, ಗೊತ್ತಿತ್ತು.
ಆಫ್ ಅಂದರೆ ದೀಪ ಆರಿಸುವುದು, ಅದೂ.
ಗಂಟೆ ಎರಡಕ್ಕೆ ಸರಿಯಾಗಿ
ಅವನ ಕೋಣೆಯ ಬಾಗಿಲು ತಟ್ಟಿ
ದೀಪ ಆರಿಸಿ ಬಂದಳು.

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆ ವಾರವಿಡೀ ನಕ್ಕಿತು.
ಪಕ್ಕದ ಮೇಜಿನ ಮೇವಿಸ್ ಟಪ್ಲಿನ್ ಮಾತ್ರ
ಹ್ಯಾಡಕ್ಕಿನ ಬೆನ್ನಿಗೆ ಚಾಕು ಇಳಿಸುತ್ತಲೇ ಅಂದಳು:
'ಕೆಲಸ ಬಿಟ್ಟು ಮನೆಗೆ ಹೋಗು ಅಂತ, ಮಗಳೇ. ಅಷ್ಟೇ.'

ಅಷ್ಟೇ ಅಲ್ಲವೆಂದು ತಿಳಿಯಲು ಒಂದು ಚಳಿಗಾಲ ಹಿಡಿಯಿತು.
ಸಂತೆಯಲ್ಲಿ, ಗುಂಡಿ ಕಿತ್ತ ಕೋಟಿಗೆ
ಎರಡು ಪೌಂಡು ನಾಕ್ ಆಫ್.
ಅದರ ಪಕ್ಕವೇ ನೇತಾಡುವ ದೊಡ್ಡ ಕಂಪನಿಯ ಚೀಲ,
ಹೆಸರಲ್ಲಿ ಒಂದಕ್ಷರ ಕಮ್ಮಿ: ಅದೂ ನಾಕ್ ಆಫ್.
ಮಗನ ಸೈಕಲ್ಲನ್ನು ಯಾರೋ ಬೀಗ ಮುರಿದು
ರಾತ್ರೋರಾತ್ರಿ ನಾಕ್ ಆಫ್.
ಪೊಲೀಸನೂ ಹಾಗೇ ಅಂದ, ಬರೆದುಕೊಳ್ಳುತ್ತ.

(ನಮ್ಮ 'ಹೊಡಿ' ಇದ್ದ ಹಾಗೆ.
ನಿದ್ದೆ ಹೊಡೆಯುತ್ತೇವೆ, ಹರಟೆ, ಕಾಪಿ,
ಯಾರದೋ ಪಾಕೀಟನ್ನೂ.
ಯಾರಿಗೂ ನೋವಾಗುವುದಿಲ್ಲ ಅಂದುಕೊಂಡಿದ್ದೇವೆ.)

ಮೀನು ನಾರುವ ಪುಟ್ಟ ಪುಸ್ತಕದಲ್ಲಿ
ಒಂದೊಂದೇ ಅರ್ಥ ಬರೆದಿಟ್ಟಳು,
ಎದುರಿಗೆ ಲಿಥುವೇನಿಯನ್ನಿನಲ್ಲಿ, ತಾರೀಕಿನ ಸಮೇತ.

ಒಂದು ಸಂಜೆ ತಂಗಿಯ ಜತೆ ಫೋನಿನಲ್ಲಿ
ತನ್ನ ಮಾತಿನಲ್ಲೇ, ಗಟ್ಟಿಯಾಗಿ ನಗುತ್ತಿದ್ದಳು.
ಮಹಡಿಯಿಂದ ಹನ್ನೆರಡರ ರೋಕಾಸ್,
ಗೆಳೆಯರು ಬಂದಿದ್ದರು, ಕಿರುಚಿದ:
'ಮಮ್, ನಾಕ್ ಇಟ್ ಆಫ್!'

ನಡುವೆ ಒಂದು 'ಇಟ್'.
ಯಾವುದು ಅದು? ನಗುವೋ, ದನಿಯೋ, ಮಾತೋ?
ಈ ಅರ್ಥವನ್ನು ಮೇವಿಸಳ ಹತ್ತಿರ ಕೇಳಲಿಲ್ಲ.
ಬರೆದಳು. ತಾರೀಕು ಹಾಕಲಿಲ್ಲ.

ಮಾರ್ಚಿಯಲ್ಲಿ ಮೇವಿಸಳ ಕೊನೆಯ ಪಾಳಿ.
ನಲವತ್ತೊಂದು ವರ್ಷ.
ಯಾರೋ ಅರ್ಧ ಗಂಟೆಯಲ್ಲಿ ನಾಕ್ ಆಫ್ ಮಾಡಿದ ಕೇಕಿನ ಮೇಲೆ
ಸಕ್ಕರೆಯ ಮೀನು, ಎರಡೂ ಕಣ್ಣು ಒಂದೇ ಕಡೆ.
'ಇರುತ್ತವೆ ಬಿಡು ಹಾಗೂ,' ಅಂದಳು ಮೇವಿಸ್,
'ಚಪ್ಪಟೆ ಮೀನು ನೋಡಿಲ್ಲವಾ?'
ಕೈಗವಸು ಕಳಚಿದ ಮೇಲೂ ಅವಳ ಬೆರಳು
ಇಲ್ಲದ ಚಾಕುವಿನ ಸುತ್ತ ಮಡಿಸಿಕೊಂಡೇ ಇದ್ದವು.

ಎರಡಾಯಿತು. ಯಾರೂ ಕದಲಲಿಲ್ಲ.
ದಾಂಗ್ವೊಲೆ ನೆಟ್ಟಗೆ ನಡೆದು
ಮೇಸ್ತ್ರಿಯ ಬಾಗಿಲು ತಟ್ಟಿದಳು,
ದೀಪ ಆರಿಸಿದಳು.

ಮೇವಿಸ್ ನಕ್ಕ ಸದ್ದು
ಐಸು ಪೆಟ್ಟಿಗೆಗಳಾಚೆ, ಲಾರಿಗಳವರೆಗೂ ಹೋಯಿತು.
ಆಮೇಲೆ ಎಲ್ಲರೂ.
ಕತ್ತಲೊಳಗಿಂದ ಬ್ಲಾಂಚರ್ಡ್ ಅರಚಿದ:
'ನಾಕ್ ಇಟ್ ಆಫ್!'

ಯಾರೂ ನಿಲ್ಲಿಸಲಿಲ್ಲ.