ಸಿಡಿ ಒಳಗಿನದು, ಎಲ್ಲೆಸ್ ಹೊರಗಿನದು

ಬಾಗೇಪಲ್ಲಿ. ಮೂರನೇ ಪೀರಿಯಡ್ಡು. ಏಳನೇ ನಂಬರಿನ ಮಿಷಿನ್ನು.
ಪಾಥ್ ಬರೆಯುವಾಗ ಶಿರೀಷಾ
ಹಳೆಯದನ್ನು ಸೇರಿಸಲು ಮರೆತಳು.
ಒಂದೇ ಸಾಲು, ಅಷ್ಟೇ.
ಎಲ್ಲೆಸ್ ಅಂದರೆ: ಅಂಥವರು ಯಾರೂ ಇಲ್ಲ.
ಕ್ಯಾಟ್ ಅಂದರೆ: ಇಲ್ಲ.
ಕ್ಲಿಯರ್ ಕೂಡ ಇಲ್ಲ; ಮಾಡಿದ ತಪ್ಪೆಲ್ಲ
ಪರದೆಯ ಮೇಲೆ ಹಾಗೇ.

"ಎಲ್ಲಾ ಅಳಿಸಿಹೋಯ್ತಾ ಮೇಡಂ?"
ಎಲ್ಲೂ ಹೋಗಿಲ್ಲ ಕಣೇ. ಅವರವರ ಮನೆಯಲ್ಲಿದ್ದಾರೆ,
ಇವನಿಗೆ ದಾರಿ ಮರೆತಿದೆ.
ಬರೀ ಸಿಡಿ ಒತ್ತು.

ಒತ್ತಿದಳು. ಹೋಯಿತು, ಸದ್ದಿಲ್ಲದೆ,
ಕರೆಂಟು ಹೋದಾಗ ಉಪ್ಪಿನ ಡಬ್ಬಿ ಮುಟ್ಟುವ
ಕೈಯ ಹಾಗೆ.

ಇದೊಂದು ಯಾಕೆ ಬಂತು?
ಪಠ್ಯದಲ್ಲಿ ಒಂದೂವರೆ ಸಾಲಿದೆ, ಯಾರೂ ಓದುವುದಿಲ್ಲ.
ಹೊರಗಿನವನನ್ನು ಕರೆದು ಗೂಳೂರಿಗೆ ಹೋಗು ಅಂದರೆ
ಅವನು ಹೋಗುತ್ತಾನೆ,
ಕೆಲಸ ಮುಗಿಯುತ್ತದೆ, ಅವನೂ ಮುಗಿಯುತ್ತಾನೆ.
ನೀನು ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತೀ.

ಇಫ್, ಫಾರ್, ವೈಲ್ ಇನ್ನೂ ಒಳಗಿನವು,
ಆಜ್ಞೆಯೇ ಅಲ್ಲ, ವ್ಯಾಕರಣ.
"ಬಂದರೆ" ಅನ್ನುವಲ್ಲಿನ "ರೆ"ಯನ್ನು
ಯಾವ ಅಂಗಡಿಯಿಂದ ತರುತ್ತೀ?

ಬಾಗಿಲಲ್ಲಿ ಗಂಗುಲಪ್ಪ, ಅಟೆಂಡರು,
ಕೀಗೊಂಚಲು ಕಂಕುಳಲ್ಲಿ, ಮೌಸು ಎಣಿಸುತ್ತಿದ್ದಾನೆ:
ಒಕಟಿ, ರೆಂಡು, ಮೂಡು, ನಾಲುಗು…
ರಿಜಿಸ್ಟರಿಗೆ ಬರೆಯುವುದು ಕನ್ನಡದಲ್ಲಿ.
ಮೂವತ್ತೊಂದು ವರ್ಷದ ಸರ್ವೀಸು,
ಕನ್ನಡದಲ್ಲೇ ರಜಾ ಅರ್ಜಿ, ಕನ್ನಡದಲ್ಲೇ ಜಗಳ;
ಎಣಿಕೆ ಮಾತ್ರ ಯಾರೂ ಕಲಿಸದ್ದು.

ಟೈಪ್ ಅಂತ ಒಂದಿದೆ. ಯಾವ ಹೆಸರು ಕೊಟ್ಟರೂ
ಒಳಗಿನದೋ ಹೊರಗಿನದೋ ಹೇಳಿಬಿಡುತ್ತದೆ.
ಮನಸ್ಸಿನಲ್ಲೇ ಗಂಗುಲಪ್ಪನ ಮೇಲೆ ಹಾಕಿ ನೋಡಿದೆ.
ನನ್ನ ಮೇಲೆ ಹಾಕಲಿಲ್ಲ.

ಕೆಲವು ಎರಡೂ ಕಡೆ ಇರುತ್ತವೆ.
ಎಕೋ, ಉದಾಹರಣೆಗೆ: ಹೊರಗೂ ಒಂದು, ಒಳಗೂ ಒಂದು.
ಕರೆದರೆ ಒಳಗಿನದೇ ಮೊದಲು ಓಗೊಡುತ್ತದೆ.

ಈಗ ಎಕೋ ಬರೆದು ಪಕ್ಕದಲ್ಲಿ
ಒಂದು ನಕ್ಷತ್ರ ಇಡು, ಅಂದೆ.
ಎಲ್ಲೆಸ್ಸಿಲ್ಲದೆಯೇ ಬಂದವು ಹೆಸರುಗಳು,
ಸಾಲಾಗಿಯೂ ಅಲ್ಲ, ಒಂದಕ್ಕೊಂದು ಅಂಟಿಕೊಂಡು,
ಲ್ಯಾಬ್ ಒಂದು, ಲ್ಯಾಬ್ ಎರಡು, ಅಮ್ಮನ ಪಾನ್‌ಕಾರ್ಡು,
ಯಾರದೋ ಹಸು ಮಾರಾಟಕ್ಕಿರುವ ಫೋಟೊ.

ಕುರ್ಚಿಯಿಂದ ಅರ್ಧ ಎದ್ದು ಶಿರೀಷಾ ಕೂಗಿದಳು,
"ಉನ್ನಾಯಿ! ಅನ್ನೀ ಉನ್ನಾಯಿ!"
ಯಾವ ಭಾಷೆಯಲ್ಲಿ ಅಂದಳೋ ಅವಳಿಗೆ ತಿಳಿಯಲಿಲ್ಲ.

ಇವೆ, ಅಂದೆ ನಾನು. ಎಲ್ಲಾ ಇವೆ.
ಗಂಗುಲಪ್ಪ ಎಣಿಕೆ ತಪ್ಪಿ
ಮತ್ತೆ ಒಕಟಿಯಿಂದ ಶುರುಮಾಡಿದ.